ತಾಯಿಯ ರಕ್ತದಲ್ಲಿ ದೋಷವಿದೆಯೇ?

ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ. ಆ ವರ್ಷ, ಗುಣವಾದವರ ರಕ್ತದಿಂದ ಪ್ಲಾಸ್ಮಾ ಎಂಬ ಹಳದಿ ದ್ರವವನ್ನು ತೆಗೆದು ರೋಗಿಗಳಿಗೆ ಕೊಡುತ್ತಿದ್ದರು. (ಪ್ರಯೋಜನ ಕಾಣದೆ 2021ರ ಮೇ ತಿಂಗಳಲ್ಲಿ ಅದನ್ನು ಕೈಬಿಡಲಾಯಿತು.) ಕಮಲಾಪುರದಲ್ಲಿರುವ ನನ್ನ ಖಾಲಾರ ಸೊಸೆ ಕಾಯಿಲೆಯಿಂದ ಎದ್ದವಳೇ ತಾನೂ ಕೊಡುತ್ತೇನೆಂದು ಫೋನ್ ಮಾಡಿದಳು. ಮಕ್ಕಳೆಷ್ಟು ಎಂದು ಕೇಳಿ ಬೇಡವೆಂದರು.

"ಆಪಾ, ನಮ್ಮ ಹೆಸರು ಕೇಳಿ ಹಿಂಗಂದ್ರೋ, ನನ್ನ ರಕ್ತದಾಗೇ ಏನರ ಕೆಟ್ಟದ್ದು ಅದನೋ?" ಎಂದು ಅತ್ತಳು. ಹೆಸರು ಕೇಳಿ ಜನ ದೂರ ಸರಿದ ದಿನಗಳವು. ನನಗೂ ಉತ್ತರ ಹೊಳೆಯಲಿಲ್ಲ.

ಪರಿಚಯದ ವೈದ್ಯೆಯೊಬ್ಬರನ್ನು ಕೇಳಿದಾಗ ತಿಳಿಯಿತು: ಒಮ್ಮೆಯಾದರೂ ಗರ್ಭ ಧರಿಸಿದ ಯಾವ ಸ್ತ್ರೀಯಿಂದಲೂ ಆ ಪ್ಲಾಸ್ಮಾ ಪಡೆಯುತ್ತಿರಲಿಲ್ಲ. ಮಗುವಿನ ರಕ್ತಕಣಗಳಲ್ಲಿ ತಂದೆಯಿಂದ ಬಂದ ಗುರುತುಗಳಿರುತ್ತವೆ. ಅವು ತಾಯಿಯಲ್ಲಿ ಇಲ್ಲದಿದ್ದರೆ, ಕೆಲವೊಮ್ಮೆ ಅವಳ ದೇಹ ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವಳಿಗೆ ಅದರಿಂದ ತೊಂದರೆಯಿಲ್ಲ. ಆದರೆ ಅವು ವರ್ಷಗಟ್ಟಲೆ ಪ್ಲಾಸ್ಮಾದಲ್ಲಿ ಉಳಿದು, ಇನ್ನೊಬ್ಬರ ಮೈ ಸೇರಿದಾಗ ಶ್ವಾಸಕೋಶಕ್ಕೆ ಹಾನಿ ಮಾಡಬಹುದು. ಅಪರೂಪಕ್ಕೆ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಳ್ಳುತ್ತವೆ. ಆಗ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಎಣಿಕೆ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಮತ್ತೆ ಏರಲು ಹಲವು ದಿನ ಬೇಕು.

1950ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ಯುವ ವೈದ್ಯ, ಪ್ಲೇಟ್‌ಲೆಟ್ ನಾಶವಾಗುವ ಕಾಯಿಲೆಯಿದ್ದ ಮಹಿಳೆಯ ರಕ್ತವನ್ನು ತನ್ನ ಮೈಗೇ ಏರಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್‌ಲೆಟ್‌ಗಳೂ ಬಿದ್ದುಹೋದವು. ನಾಶಮಾಡುವ ಅಂಶ ರಕ್ತದ ಜೊತೆ ದಾಟಬಲ್ಲದೆಂದು ಗೊತ್ತಾದದ್ದು ಹೀಗೆ. (ಅವನ ಮನೆಯವರು ಏನೆಂದರೋ!)

ಇಂಥ ಪ್ರತಿಕಾಯ ಗರ್ಭದಲ್ಲಿರುವ ಶಿಶುವಿಗೂ ತಾಗಬಹುದು. ಹುಟ್ಟಿದ ಕೂಸಿನ ಮೈಮೇಲೆ ಕೆಂಪು ಚುಕ್ಕೆ, ನೀಲಿ ಕಲೆ ಕಂಡರೆ ನಜರ್ ತೆಗೆಯುತ್ತಾ ಕೂರಬೇಡಿ, ಆಗಲೇ ವೈದ್ಯರಿಗೆ ತೋರಿಸಿ. ಮುಂದಿನ ಗರ್ಭದಲ್ಲೂ ಆ ವಿಷಯ ಮೊದಲೇ ಹೇಳಿ. ರಕ್ತ ಪಡೆದ ರೋಗಿಯ ಪ್ಲೇಟ್‌ಲೆಟ್ ಅದೇ ದಿನ ಇಳಿದರೆ, ಏರಿಸಿದ ರಕ್ತದ್ದೂ ಪಾಲಿರಬಹುದೇ ಎಂದು ಕೇಳಲು ಹಿಂಜರಿಯಬೇಡಿ. ಕೊಟ್ಟವಳನ್ನು ಮಾತ್ರ ದೂರಬೇಡಿ.

ಹೆತ್ತವರು ರಕ್ತವನ್ನೇ ಕೊಡಬಾರದೆಂದು ಇದರ ಅರ್ಥವಲ್ಲ. ಹೆರಿಗೆಯಾಗಿ ವರ್ಷ ಕಳೆದು, ಎದೆಹಾಲು ಬಿಡಿಸಿದ ಮೇಲೆ, ಹಿಮೋಗ್ಲೋಬಿನ್ 12.5 ಇದ್ದರೆ ಕೊಡಬಹುದು. ಕೆಂಪುಕಣದ ಚೀಲದಲ್ಲಿ ಪ್ಲಾಸ್ಮಾ ಉಳಿಯುವುದು ಬಹಳ ಕಡಿಮೆ.

ಇದನ್ನೆಲ್ಲ ಹೇಳಿದ ಮೇಲೆ ಅವಳು ರಕ್ತದಾನ ಶಿಬಿರಕ್ಕೆ ಹೋದಳು. ಹಿಮೋಗ್ಲೋಬಿನ್ ಹತ್ತೂವರೆ! ಮತ್ತೆ ವಾಪಸ್. ಈ ಸಲ ಅಳಲಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದು ನನ್ನ ಮನೆಗೇ ಬಂದು, "ಮಕ್ಕಳು ಉಂಡು ಉಳಿದದ್ದು ತಿಂದ್ರ ಇಷ್ಟೇ ಆಪಾ" ಎಂದಳು.