ಸಹಿಗೆ ಮೊದಲು ಕೇಳಬೇಕಾದ ಪ್ರಶ್ನೆ

"ಅಣ್ಣಾ, ಒಂದ್ ಕಡೆ ಬ್ಲಾಕ್ ಐತಂತ. ಈಗ್ಲೇ ಸ್ಟೆಂಟ್ ಹಾಕೋಣೇನು ಅಂತ ಡಾಕ್ಟರ್ ಕೇಳಾಕತ್ತಾರ. ಏನ್ ಹೇಳ್ಲಿ?"

ಹುಬ್ಬಳ್ಳಿಯಿಂದ ತಮ್ಮನ ಫೋನ್ ಬಂದಾಗ ನಾನು ಪುಣೆಯ ಆಫೀಸಿನಲ್ಲಿದ್ದೆ. ಅಪ್ಪ ಆಂಜಿಯೋಗ್ರಾಂ ಮೇಜಿನ ಮೇಲಿದ್ದರು. "ಹಾಕಸ್ಬಿಡು" ಎಂದೆ. ಇದು ಹೃದಯಾಘಾತವೋ, ನಡೆದಾಗಷ್ಟೇ ಕಾಣಿಸುವ ಹಳೆಯ ಎದೆನೋವೋ ಎಂದು ಕೇಳಲೇ ಇಲ್ಲ.

ಕೇಳಬೇಕಿದ್ದುದು ಅದನ್ನೇ. ಮಣಿಕಟ್ಟಿನ ಅಥವಾ ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಡೈ ಬಿಟ್ಟು, ಎಕ್ಸ್-ರೇಯಲ್ಲಿ ಅಡಚಣೆ ನೋಡುವುದು ಆಂಜಿಯೋಗ್ರಾಂ. ಅದೇ ದಾರಿಯಲ್ಲಿ ಬಲೂನು ಉಬ್ಬಿಸಿ ಸ್ಟೆಂಟ್ ಕೂರಿಸುವುದು ಆಂಜಿಯೋಪ್ಲಾಸ್ಟಿ. ಮೊದಲನೆಯದು ಪರೀಕ್ಷೆ, ಎರಡನೆಯದು ಚಿಕಿತ್ಸೆ. ಒಂದೇ ಸಲಕ್ಕೆ ಎರಡೂ ಮುಗಿದರೆ ಅನುಕೂಲ ನಿಜ. ಆದರೆ ಎರಡಕ್ಕೂ ಒಂದೇ ಸಹಿ ಸಾಲದು.

ಹೃದಯಾಘಾತದಲ್ಲಿ ನಿಮಿಷ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಅಲ್ಲಿ ನಮ್ಮ ಫೋನಿಗಾಗಿ ಯಾರೂ ಕಾಯಬಾರದು. ಸ್ಥಿರವಾದ ಎದೆನೋವಿನ ಮಾತು ಬೇರೆ. ಭಾರತವೂ ಸೇರಿದಂತೆ 37 ದೇಶಗಳ 5,179 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಅಧ್ಯಯನದಲ್ಲಿ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಿಗೆ ಎದೆನೋವು ಕಡಿಮೆಯಾಯಿತು; ಆದರೆ ಸಾವಾಗಲಿ ಹೃದಯಾಘಾತವಾಗಲಿ ಔಷಧದಿಂದ ಆರಂಭಿಸಿದವರಿಗಿಂತ ಕಡಿಮೆಯಾಗಲಿಲ್ಲ. ಎಡ ಮುಖ್ಯ ರಕ್ತನಾಳದಲ್ಲಿ ಹೆಚ್ಚಿನ ಅಡಚಣೆ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ; ಅವರಿಗೆ ಈ ಮಾತು ಅನ್ವಯಿಸದು.

ಅಪ್ಪ ಈಗ ಚೆನ್ನಾಗಿದ್ದಾರೆ. ಆ ಸ್ಟೆಂಟ್ ಬೇಕಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಅಪ್ಪ-ಅಮ್ಮನನ್ನು ಊರಲ್ಲಿ ಬಿಟ್ಟು ಬಂದ ನಾವು ಪರೀಕ್ಷೆಯ ಹಿಂದಿನ ದಿನವೇ ವೈದ್ಯರಿಗೆ ಫೋನ್ ಮಾಡಿ ಕೇಳೋಣ: "ತುರ್ತಿಲ್ಲದಿದ್ದರೆ ಚಿತ್ರ ನೋಡಿ, ಮಾತಾಡಿ, ಆಮೇಲೆ ನಿರ್ಧರಿಸಬಹುದೇ?" ಆ ಮಾತುಕತೆಯಲ್ಲಿ ಅಪ್ಪನೂ ಇರಲಿ. ಹೃದಯ ಅವರದು.