ಅಜ್ಜಿಯ ಹಾಡು, ಅಜ್ಜಿಯ ತುಟಿ

ಅಕ್ಕನ ಮದುವೆಯ ಡಿವಿಡಿಯನ್ನು ಕಂಪ್ಯೂಟರಿಗೆ ಇಳಿಸಿದೆ. ಈಗಿಲ್ಲದ ಅಜ್ಜಿ ಅದರಲ್ಲಿ ಸೋಬಾನೆ ಹಾಡುತ್ತಾಳೆ. ನೋಡಿದರೆ, ತುಟಿ ಮುಚ್ಚಿದ ಮೇಲೂ ಹಾಡು ಕೇಳುತ್ತಿದೆ!

ನಿಮಗೂ ಹೀಗಾದರೆ ಮೊದಲು ವಿಡಿಯೊದ ಆರಂಭ, ಕೊನೆ ಎರಡನ್ನೂ ನೋಡಿ. ವಾಲಗದವರು ಡೋಲು ಬಾರಿಸುವ ದೃಶ್ಯವಿದ್ದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಎರಡೂ ಕಡೆ ಅದು ಒಂದೇ ಆಗಿದ್ದರೆ ಸುಲಭ. ವಿಂಡೋಸ್‌ನ ವಿಎಲ್‌ಸಿ ಪ್ಲೇಯರಿನಲ್ಲಿ ಒಮ್ಮೆ ‘ಜೆ’ ಒತ್ತಿದರೆ ಧ್ವನಿ 50 ಮಿಲಿಸೆಕೆಂಡ್ ಬೇಗ, ‘ಕೆ’ ಒತ್ತಿದರೆ ಅಷ್ಟೇ ತಡ. (ಇದು ನೋಡುವಾಗ ಮಾತ್ರ, ಫೈಲ್ ಬದಲಾಗುವುದಿಲ್ಲ.)

ವ್ಯತ್ಯಾಸ ಬೆಳೆಯುತ್ತಾ ಹೋದರೆ ಇದು ಸಾಲದು. ಹ್ಯಾಂಡ್‌ಬ್ರೇಕ್‌ನಲ್ಲಿ ಮತ್ತೆ ಇಳಿಸಿ. ನಮ್ಮ ಪಾಲ್ ಡಿವಿಡಿಗಳಿಗೆ ಸೆಕೆಂಡಿಗೆ 25 ಫ್ರೇಮ್. ಜೊತೆಗೆ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ. ಅಲ್ಲಿಯವರೆಗೆ ಡಿಸ್ಕ್ ಎಸೆಯಬೇಡಿ.

ನಾನು ಹತ್ತು ಸಲ ‘ಜೆ’ ಒತ್ತಿದೆ, ಅರ್ಧ ಸೆಕೆಂಡ್. ಅಮ್ಮ ಅಡುಗೆಮನೆಯಿಂದ ಓಡಿ ಬಂದರು.