ಬ್ರಿಟನ್ನಿನ ಸಹಾಯಕ ಸೈನ್ಯ ಪದ್ಧತಿ



ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಊರಿಗೆ ಬಂದಿದ್ದಾಗ ಕಾಮಸಮುದ್ರದ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ನನ್ನೊಡನೆ ಒಂದು ಗಂಟೆ ವಾದ ಮಾಡಿದ. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದು 2016ರ ಜೂನ್ 23ರಂದು ಮತ ಹಾಕಿದವರಲ್ಲಿ ಅವನೂ ಒಬ್ಬ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಾಗಿ ಅಲ್ಲಿ ವಾಸಿಸುತ್ತಿದ್ದ ಭಾರತೀಯರಿಗೂ ಆ ಜನಮತಗಣನೆಯಲ್ಲಿ ಹಕ್ಕಿತ್ತೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಅವನ ವಾದ ಇಷ್ಟು: ಇಂಗ್ಲಿಷರಿಗೆ ಫ್ರೆಂಚರೂ ಜರ್ಮನರೂ ಎಂದೆಂದಿಗೂ ಪರಕೀಯರು, ಭಾಷೆ, ಕಾನೂನು, ಬಳಕೆ ಎಲ್ಲದರಲ್ಲೂ ಅವರ ನಿಜವಾದ ನಂಟರು ಅಮೆರಿಕನ್ನರು, ಕಷ್ಟಕಾಲಕ್ಕೆ ಒದಗುವವರು ಅವರೇ ಹೊರತು ಯುರೋಪಿನವರಲ್ಲ.

ಅತಿಥಿಯಾಗಿ ಬಂದವನೊಡನೆ ಹೆಚ್ಚು ಜಗಳವಾಡಬಾರದೆಂದು ಅಂದು ಸುಮ್ಮನಾದೆ. ಆದರೆ ಅವನು ಹೇಳಿದ್ದು ತಪ್ಪು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ತಪ್ಪು ಅವನೊಬ್ಬನದಲ್ಲ, ಬ್ರಿಟನ್ನಿನದೊಂದೇ ಅಲ್ಲ, ನಮ್ಮದೂ ಆಗುತ್ತಿದೆ ಎಂಬ ಕಾರಣದಿಂದ ಇದನ್ನು ಬರೆಯುತ್ತಿದ್ದೇನೆ.

ಕಾಮಸಮುದ್ರದ ಮುದುಕನಿಗೆ ಲಂಡನ್ನಿನ ಉಸಾಬರಿ ಏಕೆಂದು ಕೇಳುವವರಿದ್ದಾರೆ. ನಮ್ಮೂರಿನಿಂದ ಪಡುವಣಕ್ಕೆ ರೈಲು ಹತ್ತಿದರೆ ಸಿಗುವ ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರು ಅದು. ಅರಸರಿದ್ದ ಮೈಸೂರಿಗೆ ಇಂಗ್ಲಿಷ್ ಕಮಿಷನರ್ ಹೇಗೆ ಬಂದ? ಈ ಪ್ರಶ್ನೆಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಕೇಳುತ್ತಿದ್ದೆ. ಉತ್ತರ ಮರೆತವರಿಗಾಗಿ ಮತ್ತೊಮ್ಮೆ ಹೇಳುತ್ತೇನೆ.

ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳನ್ನು ನಿಮಗೆ ಬಾಯಿಪಾಠ ಮಾಡಿಸಿದ್ದೆ. ಕಂಪನಿಯ ಸೈನ್ಯವನ್ನು ನಿಮ್ಮ ನೆಲದಲ್ಲಿ ಇರಿಸಿಕೊಳ್ಳಬೇಕು, ಅದರ ಖರ್ಚನ್ನು ನೀವೇ ಕೊಡಬೇಕು, ಆಸ್ಥಾನದಲ್ಲಿ ರೆಸಿಡೆಂಟನಿಗೆ ಜಾಗ ಕೊಡಬೇಕು, ಕಂಪನಿಯ ಒಪ್ಪಿಗೆಯಿಲ್ಲದೆ ಅನ್ಯರೊಡನೆ ಸಂಧಿ ಮಾಡಿಕೊಳ್ಳಬಾರದು. 1799ರಲ್ಲಿ ಮೈಸೂರು ಈ ಪದ್ಧತಿಗೆ ಒಳಪಟ್ಟು ವರ್ಷಕ್ಕೆ 7 ಲಕ್ಷ ವರಾಹ ಕೊಡಲು ಒಪ್ಪಿತು. ಒಪ್ಪಂದದಲ್ಲಿ ಸ್ನೇಹದ ಮಾತುಗಳಿಗೆ ಕೊರತೆಯಿರಲಿಲ್ಲ. 32 ವರ್ಷಗಳ ನಿಷ್ಠೆಯ ನಂತರ, ನಗರದ ರೈತರ ದಂಗೆಯನ್ನೂ ದುರಾಡಳಿತವನ್ನೂ ಕಾರಣವಾಗಿ ತೋರಿಸಿ, ಆ ಸ್ನೇಹಿತನೇ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಸಿದುಕೊಂಡ. ರಾಜ್ಯ ಅರಮನೆಗೆ ಮರಳಿದ್ದು 1881ರಲ್ಲಿ, ಐವತ್ತು ವರ್ಷಗಳ ಮೇಲೆ. ಇಡೀ ಅವಧಿಯಲ್ಲಿ ಮೈಸೂರು ಬ್ರಿಟಿಷರಿಗೆ ಹತ್ತಿರವಾಗಿಯೇ ಇತ್ತು. ಆದರೆ ಮೈಸೂರಿನ ಹಣೆಬರಹ ನಿರ್ಧಾರವಾಗುತ್ತಿದ್ದ ಕೋಣೆಯಲ್ಲಿ ಮೈಸೂರಿಗೆ ಒಂದು ಕುರ್ಚಿಯೂ ಇರಲಿಲ್ಲ.

ಈಗ ಬ್ರಿಟನ್ನಿನ ಕಥೆಗೆ ಬರೋಣ. ಈ ಪದ್ಧತಿಯನ್ನು ನಮ್ಮ ಅರಸರಿಗೆ ಉಣಬಡಿಸಿದ ದೇಶವೇ ಇಪ್ಪತ್ತನೆಯ ಶತಮಾನದಲ್ಲಿ ಅದರ ಎಲೆಯ ಮುಂದೆ ತಾನಾಗಿ ಹೋಗಿ ಕುಳಿತಿತು.

ಎರಡನೆಯ ಮಹಾಯುದ್ಧದಲ್ಲಿ ಗೆದ್ದ ಬ್ರಿಟನ್ ಬರಿಗೈಯಾಗಿತ್ತು. ಅರ್ಥಶಾಸ್ತ್ರಜ್ಞ ಕೇನ್ಸ್ ವಾಷಿಂಗ್ಟನ್ನಿಗೆ ಹೋಗಿ ಮಾತುಕತೆ ನಡೆಸಿ 375 ಕೋಟಿ ಡಾಲರ್ ಸಾಲ ತಂದರು. ಪೌಂಡನ್ನು ಡಾಲರಿಗೆ ಮುಕ್ತವಾಗಿ ಬದಲಾಯಿಸಲು ಬಿಡಬೇಕೆಂಬುದು ಅದರ ಷರತ್ತು. 1947ರ ಜುಲೈನಲ್ಲಿ ಹಾಗೆ ಮಾಡಿದ ಬ್ರಿಟನ್ ಕೆಲವೇ ವಾರಗಳಲ್ಲಿ ಡಾಲರುಗಳನ್ನು ಕಳೆದುಕೊಂಡು ಬಾಗಿಲು ಮುಚ್ಚಬೇಕಾಯಿತು. ಆ ಸಾಲದ ಕೊನೆಯ ಕಂತು ತೀರಿದ್ದು 2006ರ ಡಿಸೆಂಬರಿನಲ್ಲಿ. ನಂಟಸ್ತಿಕೆಯ ಲೆಕ್ಕವನ್ನು ಅಮೆರಿಕ ಬಡ್ಡಿಸಹಿತ ಬರೆದಿಟ್ಟುಕೊಂಡಿತ್ತು. ಅದು ತಪ್ಪೆಂದು ನಾನು ಹೇಳುವುದಿಲ್ಲ, ಸಾಲ ಕೊಟ್ಟವರು ಲೆಕ್ಕ ಇಡುತ್ತಾರೆ. ಆದರೆ ಅದನ್ನು ರಕ್ತಸಂಬಂಧವೆಂದು ಕರೆಯಬೇಡಿ.

1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯ ಉದಯವಾದಾಗ ನಾನು ಪ್ರಾಥಮಿಕ ಶಾಲೆಯ ಬಾಲಕ. ನಾವು ಸಂಭ್ರಮಿಸುತ್ತಿದ್ದ ಅದೇ ವಾರದಲ್ಲಿ, ಸೂಯೆಜ್ ಕಾಲುವೆಯನ್ನು ನಾಸೆರ್ ರಾಷ್ಟ್ರೀಕರಣ ಮಾಡಿದ ಸಿಟ್ಟಿಗೆ ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ಬಾಂಬು ಹಾಕುತ್ತಿದ್ದವು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಒಪ್ಪಲಿಲ್ಲ. ಪೌಂಡಿನ ಬೆಲೆ ಕುಸಿಯುತ್ತಿರುವಾಗ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ನೆರವಿಗೂ ಅಡ್ಡ ನಿಂತರು. ನವೆಂಬರ್ 6ರಂದು ಬ್ರಿಟನ್ ಯುದ್ಧ ನಿಲ್ಲಿಸಿತು. ಜನವರಿಯಲ್ಲಿ ಪ್ರಧಾನಿ ಈಡನ್ ರಾಜೀನಾಮೆ ಕೊಟ್ಟರು. ಬ್ರಿಟನ್ ಅಂದು ಮಾಡಿದ್ದು ಅನ್ಯಾಯ, ನಿಂತದ್ದು ಒಳ್ಳೆಯದೇ ಆಯಿತು. ನನ್ನ ಮಾತು ಅದರಿಂದ ಕಲಿತ ಪಾಠದ ಬಗ್ಗೆ. ಫ್ರಾನ್ಸ್ ಇನ್ನು ಅಮೆರಿಕವನ್ನು ನಂಬಿ ಕೂರಬಾರದೆಂದು ತಿಳಿಯಿತು. 1957ರ ಮಾರ್ಚಿನಲ್ಲಿ ರೋಮ್ ಒಪ್ಪಂದಕ್ಕೆ ಸಹಿ ಬಿತ್ತು. ಬ್ರಿಟನ್ ಮಾತ್ರ ಇನ್ನೆಂದೂ ಅಮೆರಿಕದ ಮಾತು ಮೀರಬಾರದೆಂದು ಕಲಿಯಿತು. ಬ್ರಿಟಿಷರ ಕೈಯಲ್ಲಿದ್ದ ನಮ್ಮ ಚಿನ್ನದ ಗಣಿಗಳನ್ನು ಮೈಸೂರು ಸರ್ಕಾರ ವಶಪಡಿಸಿಕೊಂಡದ್ದೂ ಅದೇ 1956ರಲ್ಲಿ ಎಂಬುದನ್ನು ನೆನಪಿಡಿ. ಅವರ ಕಾಲ ಮುಗಿದಿದೆಯೆಂದು ಕೋಲಾರಕ್ಕೂ ಕೈರೋಗೂ ಅರ್ಥವಾಗಿತ್ತು. ಲಂಡನ್ನಿಗೆ ಅರ್ಥವಾಗಿರಲಿಲ್ಲ.

ಚರ್ಚಿಲ್ 1948ರಲ್ಲಿ ಮೂರು ವೃತ್ತಗಳ ಮಾತನಾಡಿದ್ದರು: ಸಾಮ್ರಾಜ್ಯ ಮತ್ತು ಕಾಮನ್‌ವೆಲ್ತ್, ಇಂಗ್ಲಿಷ್ ಮಾತನಾಡುವ ಜಗತ್ತು, ಯುರೋಪು, ಮೂರೂ ಕೂಡುವ ಜಾಗದಲ್ಲಿ ಬ್ರಿಟನ್. ಕೇಳಲು ಸೊಗಸಾಗಿದೆ. ಆದರೆ ಎಲ್ಲರಿಗೂ ಬೇಕಾದವನಾಗಲು ಹೊರಟವನು ಯಾವ ಮನೆಯಲ್ಲೂ ಊಟಕ್ಕೆ ಕೂರದೆ ಬಾಗಿಲಲ್ಲೇ ನಿಲ್ಲುತ್ತಾನೆ. 1962ರ ಡಿಸೆಂಬರಿನಲ್ಲಿ ಬ್ರಿಟನ್ ಅಮೆರಿಕದಿಂದ ಪೊಲಾರಿಸ್ ಕ್ಷಿಪಣಿಗಳನ್ನು ಪಡೆಯಲು ಒಪ್ಪಂದ ಮಾಡಿಕೊಂಡಿತು. ಮರುತಿಂಗಳೇ ಫ್ರಾನ್ಸಿನ ದ ಗಾಲ್ ಅದರ ಯುರೋಪ್ ಪ್ರವೇಶಕ್ಕೆ ತಡೆ ಹಾಕಿದರು; 1967ರಲ್ಲಿ ಮತ್ತೊಮ್ಮೆ. ಕೊನೆಗೆ ಒಳಗೆ ಹೋದದ್ದು 1973ರ ಜನವರಿ 1ರಂದು. 1975ರ ಜನಮತಗಣನೆಯಲ್ಲಿ ಮೂರರಲ್ಲಿ ಎರಡು ಪಾಲು ಜನ ಅದನ್ನು ಒಪ್ಪಿದರು.

ಒಳಗೆ ಹೋದಮೇಲೆ ಏನಾಯಿತೆಂಬುದಕ್ಕೆ ಎರಡೇ ವರ್ಷಗಳ ಸಂಗತಿ ಸಾಕು. 1983ರ ಅಕ್ಟೋಬರಿನಲ್ಲಿ ಅಮೆರಿಕ ಗ್ರೆನಡಾ ದ್ವೀಪದ ಮೇಲೆ ಸೈನ್ಯ ನುಗ್ಗಿಸಿತು. ಅದು ಕಾಮನ್‌ವೆಲ್ತ್ ದೇಶ. ಎಲಿಜಬೆತ್ ರಾಣಿಯೇ ಅದರ ಮುಖ್ಯಸ್ಥೆ. ರೇಗನ್ನರ ಆಪ್ತಮಿತ್ರೆಯೆನಿಸಿದ್ದ ಥ್ಯಾಚರ್‌ಗೆ ವಿಷಯ ತಿಳಿಸಿದ್ದು ಕೊನೆಯ ಗಳಿಗೆಯಲ್ಲಿ. ಆಕೆ ಬೇಡವೆಂದರೂ ಸೈನ್ಯ ಹೋಯಿತು. ಮರುವರ್ಷ, 1984ರ ಜೂನಿನಲ್ಲಿ, ಅದೇ ಥ್ಯಾಚರ್ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ಐರೋಪ್ಯ ನಾಯಕರೊಡನೆ ಜಗಳವಾಡಿ ಬ್ರಿಟನ್ ಕಟ್ಟುತ್ತಿದ್ದ ವಂತಿಗೆಯಲ್ಲಿ ದೊಡ್ಡ ಭಾಗವನ್ನು ವಾಪಸು ಪಡೆಯುವ ಏರ್ಪಾಟು ಮಾಡಿಕೊಂಡರು. ಯಾರನ್ನು ಆಕೆ ದ್ವೇಷಿಸುತ್ತಿದ್ದರೋ ಅವರ ನಡುವೆ ಆಕೆಯ ಮಾತು ನಡೆಯಿತು. ಯಾರನ್ನು ಪ್ರೀತಿಸುತ್ತಿದ್ದರೋ ಅವರಲ್ಲಿ ನಡೆಯಲಿಲ್ಲ. ಏಕೆಂದರೆ ಯುರೋಪಿನಲ್ಲಿ ಬ್ರಿಟನ್ನಿಗೆ ಮತವಿತ್ತು, ಎಷ್ಟೋ ವಿಷಯಗಳಲ್ಲಿ ತಡೆಹಕ್ಕೂ ಇತ್ತು. ಮುಂದೆ ಯೂರೋ ನಾಣ್ಯ ಬೇಡವೆಂದಿತು, ಬಿಟ್ಟರು. ಗಡಿಯಿಲ್ಲದ ಷೆಂಗೆನ್ ವ್ಯವಸ್ಥೆ ಬೇಡವೆಂದಿತು, ಬಿಟ್ಟರು. ಅಮೆರಿಕದ ಸಂಸತ್ತಿನಲ್ಲಿ ಬ್ರಿಟನ್ನಿಗೆ ಎಷ್ಟು ಮತ? ಒಂದೂ ಇಲ್ಲ.

ಹಾಗಾದರೆ ಬ್ರಿಟನ್ ಸಂಪೂರ್ಣ ಸಾಮಂತ ರಾಜ್ಯವೇ ಎಂದು ನೀವು ಕೇಳಬಹುದು. ಅಲ್ಲ, ಅದೇ ನನಗೆ ಹೆಚ್ಚು ಬೇಸರದ ಸಂಗತಿ. ಮೈಸೂರಿಗೆ ಬೇರೆ ದಾರಿಯಿರಲಿಲ್ಲ, ಬ್ರಿಟನ್ನಿಗೆ ಇತ್ತು. ಪ್ರಧಾನಿ ವಿಲ್ಸನ್ ವಿಯೆಟ್ನಾಮಿಗೆ ಸೈನ್ಯ ಕಳಿಸಲು ಒಪ್ಪಲಿಲ್ಲ, ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೂ 2003ರಲ್ಲಿ ಟೋನಿ ಬ್ಲೇರ್, ಫ್ರಾನ್ಸ್ ಜರ್ಮನಿಗಳೆರಡೂ ಬೇಡವೆಂದು ನಿಂತಾಗ, ಲಂಡನ್ನಿನ ಬೀದಿಗಳಲ್ಲಿ ಲಕ್ಷಾಂತರ ಜನ ಬೇಡವೆಂದು ನಡೆದಾಗ, ಬುಷ್ ಹಿಂದೆ ಇರಾಕಿಗೆ ಹೋದರು. ಇರಾಕಿನಲ್ಲಿ ಬ್ರಿಟನ್ನಿನ 179 ಸೈನಿಕರು ಸತ್ತರು. ಸತ್ತ ಇರಾಕಿಗಳ ನಿಖರ ಲೆಕ್ಕ ಯಾರ ಬಳಿಯೂ ಇಲ್ಲ. ಏನೇ ಆದರೂ ನಿಮ್ಮೊಡನಿರುತ್ತೇನೆಂದು ಬ್ಲೇರ್ 2002ರ ಜುಲೈನಲ್ಲಿಯೇ ಬುಷ್‌ಗೆ ಬರೆದುಕೊಟ್ಟಿದ್ದರೆಂಬುದು 2016ರ ಚಿಲ್ಕಾಟ್ ವರದಿಯಿಂದ ಜಗತ್ತಿಗೇ ತಿಳಿಯಿತು. ಮುಂಗಡವಾಗಿ ಹೀಗೆ ಬರೆದುಕೊಟ್ಟವನ ಸಲಹೆಯನ್ನು ಯಾರು ಕೇಳುತ್ತಾರೆ? ಅದೇ 2003ರಲ್ಲಿ ಅಮೆರಿಕ ನಮ್ಮನ್ನೂ ಸೈನ್ಯ ಕೇಳಿತ್ತು. ನಮ್ಮ ಸಂಸತ್ತು ಏಪ್ರಿಲಿನಲ್ಲಿ ಯುದ್ಧವನ್ನು ನಿಂದಿಸಿ ಗೊತ್ತುವಳಿ ಮಾಡಿತ್ತು. ಜುಲೈನಲ್ಲಿ ವಾಜಪೇಯಿ ಸರ್ಕಾರ ಸೈನ್ಯ ಕಳಿಸುವುದಿಲ್ಲವೆಂದಿತು. ಎರಡೇ ವರ್ಷಗಳಲ್ಲಿ, 2005ರ ಜುಲೈನಲ್ಲಿ, ಅದೇ ಅಮೆರಿಕ ನಮ್ಮೊಡನೆ ಪರಮಾಣು ಸಹಕಾರದ ಮಾತಿಗೆ ಕುಳಿತಿತು. ಇಲ್ಲವೆಂದು ಹೇಳಬಲ್ಲವನಿಗೆ ಮರ್ಯಾದೆ ಕಡಿಮೆಯಾಗುವುದಿಲ್ಲ.

ನನ್ನ ವಿದ್ಯಾರ್ಥಿಯ ಬಳಿ ಕೊನೆಗೊಂದು ಅಸ್ತ್ರವಿತ್ತು. "ಸಾರ್, 2025ರಲ್ಲಿ ಟ್ರಂಪ್ ಸುಂಕ ಹಾಕಿದಾಗ ಬ್ರಿಟನ್ನಿಗೆ ಶೇಕಡ 10, ಯುರೋಪಿಗೆ 15. ಹೊರಗೆ ಬಂದದ್ದರಿಂದ ಲಾಭವಾಗಲಿಲ್ಲವೆ?" ಎಂದ. ಲೆಕ್ಕ ಸರಿ, ತೀರ್ಮಾನ ತಪ್ಪು. ಅಮೆರಿಕದ ಲೆಕ್ಕದ ಪ್ರಕಾರವೇ ಅದು ಬ್ರಿಟನ್ನಿನಿಂದ ಕೊಳ್ಳುವ ಸರಕಿಗಿಂತ ಬ್ರಿಟನ್ನಿಗೆ ಮಾರುವ ಸರಕು ಹೆಚ್ಚು. ಆದರೂ ದಂಡ ತಪ್ಪಲಿಲ್ಲ. ನೆರೆಯವನಿಗೆ ಹದಿನೈದು ಏಟು ಬಿದ್ದು ತನಗೆ ಹತ್ತು ಬಿದ್ದದ್ದನ್ನು ಸ್ನೇಹವೆಂದು ಕರೆಯುವವನಿಗೆ ನಾನು ಏನು ಹೇಳಲಿ? ಅತ್ತ, 2019ರಲ್ಲಿ ಬ್ರಿಟನ್ನಿನ ರಫ್ತಿನಲ್ಲಿ ಶೇಕಡ 40ಕ್ಕೂ ಹೆಚ್ಚು ಹೋಗುತ್ತಿದ್ದದ್ದು ಅದು ಬಿಟ್ಟುಬಂದ ಒಕ್ಕೂಟಕ್ಕೆ. ಹೊರಬಂದದ್ದರಿಂದ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ ಶೇಕಡ 4ರಷ್ಟು ಕುಗ್ಗುವುದೆಂದು ಅಲ್ಲಿನ ಮುಂಗಡಪತ್ರದ ಸ್ವತಂತ್ರ ಕಚೇರಿಯೇ ಅಂದಾಜು ಮಾಡಿದೆ. ನಮ್ಮ ಹಿರಿಯರು ಎರಡು ಮಾತು ಹೇಳುತ್ತಿದ್ದರು: ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಹಿತ್ತಲ ಗಿಡ ಮದ್ದಲ್ಲ. ಬ್ರಿಟನ್ ಎರಡನ್ನೂ ಒಟ್ಟಿಗೆ ಸತ್ಯಮಾಡಿ ತೋರಿಸಿತು.

ಯುರೋಪು ಸಾಧುಸಂತರ ಸಭೆಯೆಂದು ನಾನು ಹೇಳುತ್ತಿಲ್ಲ. 2015ರಲ್ಲಿ ಸಾಲದಲ್ಲಿ ಮುಳುಗಿದ್ದ ಗ್ರೀಸನ್ನು ಅದು ನಡೆಸಿಕೊಂಡ ರೀತಿ ಯಾರಿಗೂ ಶೋಭೆ ತರುವಂಥದ್ದಲ್ಲ. ನೆರೆಹೊರೆ ಎಂದಮೇಲೆ ಜಗಳವಿದ್ದೇ ಇದೆ. ನಮ್ಮ ಕಾಮಸಮುದ್ರದಿಂದ ಮೂಡಣಕ್ಕೆ ಹೊರಟರೆ ಸ್ವಲ್ಪದರಲ್ಲೇ ಆಂಧ್ರ, ಅದರಾಚೆ ತಮಿಳುನಾಡು. ಮೂರು ಸರ್ಕಾರಗಳು ನೀರಿಗಾಗಿ ನ್ಯಾಯಾಲಯದಲ್ಲಿ ಕಾದಾಡಿದರೂ ಕುಪ್ಪಂನ ವ್ಯಾಪಾರಿಯೊಡನೆ ನಮ್ಮ ರೈತ ತೆಲುಗಿನಲ್ಲಿ ಚೌಕಾಸಿ ಮಾಡುವುದು ನಿಂತಿಲ್ಲ. ನೆರೆಯವನೊಡನೆ ಜಗಳವಾಡಿದರೂ ಮರುದಿನ ಅವನು ಸಿಗುತ್ತಾನೆ, ಎದುರು ಕೂರಿಸಿ ಕೇಳಬಹುದು.

ಇನ್ನು ನಮ್ಮ ಮಾತು. ಕೆ.ಜಿ.ಎಫ್. ಅನ್ನು ಇಂದಿಗೂ 'ಪುಟ್ಟ ಇಂಗ್ಲೆಂಡ್' ಎಂದು ಹೇಳಿ ಕಣ್ಣರಳಿಸುವವರು ನಿಮ್ಮಲ್ಲೇ ಇದ್ದೀರಿ. 1902ರಲ್ಲಿಯೇ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಬಂತು, ಬೆಂಗಳೂರಿಗಿಂತ ಮೊದಲು. ನಿಜ, ಆದರೆ ಬಂದದ್ದು ಗಣಿಗೆ. ಗಣಿಯೊಂದರ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಸೋದರಮಾವ, ದೊರೆ ತನ್ನ ಸ್ನೇಹಿತನೆಂದೂ ಕ್ರಿಸ್‌ಮಸ್ಸಿಗೆ ಕೇಕು ಕೊಡುತ್ತಾನೆಂದೂ ಹೇಳಿಕೊಂಡು ತಿರುಗುತ್ತಿದ್ದರು. ಒಮ್ಮೆ ನಮ್ಮ ಅಜ್ಜಿ, "ಸ್ನೇಹಿತನಾದರೆ ತಂಗಿಯ ಮದುವೆಗೆ ನಾಲ್ಕು ದಿನ ರಜೆ ಕೇಳಿ ನೋಡು" ಎಂದರು. ಮಾವ ಮಾತು ಬದಲಿಸಿದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಬ್ರಿಟನ್ನಿನ ಎಷ್ಟೋ ಪ್ರಧಾನಿಗಳಿಗೆ ಹೊಳೆಯದ ಪ್ರಶ್ನೆ ಅವರಿಗೆ ಹೊಳೆದಿತ್ತು.

ಈಚಿನ ವರ್ಷಗಳಲ್ಲಿ ನಮ್ಮವರೂ ಅಮೆರಿಕದ ಅಧ್ಯಕ್ಷರ ಆಲಿಂಗನವನ್ನು ಎಣಿಸಿ ಹಿಗ್ಗುವುದನ್ನು ನೋಡುತ್ತಿದ್ದೇನೆ. 2019ರಲ್ಲಿ ಹ್ಯೂಸ್ಟನ್ನಿನಲ್ಲಿ, 2020ರಲ್ಲಿ ಅಹಮದಾಬಾದಿನಲ್ಲಿ ಕ್ರೀಡಾಂಗಣ ತುಂಬಿಸಿ ಚಪ್ಪಾಳೆ ತಟ್ಟಿದೆವು. 2025ರ ಆಗಸ್ಟಿನಲ್ಲಿ ಅದೇ ಟ್ರಂಪ್ ನಮ್ಮ ಸರಕಿನ ಮೇಲೆ ಶೇಕಡ 50 ಸುಂಕ ಹಾಕಿದರು. ಚಪ್ಪಾಳೆಯ ಲೆಕ್ಕ ಅಲ್ಲಿ ಜಮೆಯಾಗಿರಲಿಲ್ಲ. ಅಮೆರಿಕದೊಡನೆ ವ್ಯಾಪಾರ ಬೇಡ, ಸ್ನೇಹ ಬೇಡ ಎಂಬುದು ನನ್ನ ಮಾತಲ್ಲ. ಮತವಿಲ್ಲದ ಕಡೆ ಮನೆತನ ಒಪ್ಪಿಸಬೇಡಿ, ಮತವಿರುವ ಕಡೆಯನ್ನು ಸಿಟ್ಟಿನಲ್ಲಿ ಬಿಟ್ಟು ಬರಬೇಡಿ ಎಂಬುದಷ್ಟೇ.

ನನ್ನ ವಿದ್ಯಾರ್ಥಿಗೆ ಇದನ್ನು ಓದಿ ಕೋಪ ಬಂದರೆ ಬರಲಿ. ಅವನೂ ತನ್ನ ಉತ್ತರವನ್ನು ಬರೆದು ಕಳಿಸಲಿ, ಒಂದಕ್ಷರ ಬದಲಿಸದೆ ಇಲ್ಲಿಯೇ ಪ್ರಕಟಿಸುತ್ತೇನೆ. ಆದರೆ ಒಂದು ಷರತ್ತು: ಅಮೆರಿಕ ತನಗೆ ಬೇಡದ ಕೆಲಸವನ್ನು ಬ್ರಿಟನ್ ಕೇಳಿತೆಂಬ ಒಂದೇ ಕಾರಣಕ್ಕೆ ಮಾಡಿಕೊಟ್ಟ ಒಂದು ಉದಾಹರಣೆ ಅದರಲ್ಲಿರಬೇಕು, ಇಸವಿಯ ಸಮೇತ. ಇಸವಿ ಇಲ್ಲದ ಉತ್ತರಕ್ಕೆ ನಾನು ಅಂಕ ಕೊಡುತ್ತಿರಲಿಲ್ಲವೆಂಬುದು ಅವನಿಗೆ ನೆನಪಿರಬಹುದು.